ಅಪ್‌ಡೇಟ್: ನ್ಯೂಯಾರ್ಕ್ ಮ್ಯಾರಥಾನ್ ಮುಗಿಸಿ ಬಂದೆ

ಬೆಂಗಳೂರಿನಿಂದ ನ್ಯೂಯಾರ್ಕ್ ಮ್ಯಾರಥಾನ್‌ಗೆ ಎಷ್ಟು ದಿನ ಮೊದಲು ಹೋಗಬೇಕು, ಆರಂಭದ ಜಾಗದ ಚಳಿಯನ್ನು ಹೇಗೆ ತಡೆಯಬೇಕು ಎಂದು ಕೇಳಿದ್ದೆ. ನಿಮ್ಮ ಸಲಹೆಯಂತೆ 6 ದಿನ ಮೊದಲೇ ತಲುಪಿದ್ದರಿಂದ ಒಂಬತ್ತೂವರೆ ಗಂಟೆಗಳ ವ್ಯತ್ಯಾಸಕ್ಕೆ ನಿದ್ದೆ ಹೊಂದಿಕೊಂಡಿತು. ಓಟದ ದಿನವಾದ ನವೆಂಬರ್‌ನ ಮೊದಲ ಭಾನುವಾರವೇ ಅಲ್ಲಿ ಬೇಸಿಗೆಗೆಂದು ಮುಂದಿಟ್ಟಿದ್ದ ಗಡಿಯಾರ ಒಂದು ಗಂಟೆ ಹಿಂದೆ ಸರಿಯುವುದರಿಂದ ಇನ್ನಷ್ಟು ವಿಶ್ರಾಂತಿಯೂ ದೊರೆಯಿತು. ಓಟ ಆರಂಭವಾಗುವ ಸ್ಟೇಟನ್ ಐಲೆಂಡ್‌ನಲ್ಲಿ 3 ಗಂಟೆ ಕಾಯುವಾಗ ಹಳೆಯ ಸ್ವೆಟರ್ ಕಾಪಾಡಿತು. ಅದನ್ನು ಅಲ್ಲಿಯೇ ದಾನಕ್ಕೆ ಕೊಟ್ಟೆ. ಆರಂಭದಲ್ಲೇ ಬರುವ ವೆರಾಜಾನೊ ಸೇತುವೆಯ ಏರಿಗೆ ಸಿದ್ಧನಾಗಿದ್ದೆನಾದರೂ, 25ನೆಯ ಕಿಲೋಮೀಟರ್ ಸಮೀಪದ ಕ್ವೀನ್ಸ್‌ಬೊರೊ ಸೇತುವೆಯಲ್ಲಿ ಪ್ರೇಕ್ಷಕರಿಲ್ಲದೆ ಸ್ವಂತ ಉಸಿರಷ್ಟೇ ಕೇಳಿಸಿದ ಆ ಮೌನ ನಿಜಕ್ಕೂ ಕುಗ್ಗಿಸಿತು; ಫಸ್ಟ್ ಅವೆನ್ಯೂಗೆ ಇಳಿದೊಡನೆ ಜನರ ಕೂಗು ಮತ್ತೆ ಕಾಲಿಗೆ ಬಲ ಕೊಟ್ಟಿತು. ಸೆಂಟ್ರಲ್ ಪಾರ್ಕ್‌ನಲ್ಲಿ 4 ಗಂಟೆ 38 ನಿಮಿಷಕ್ಕೆ ಓಟ ಮುಗಿಸಿದೆ.