ಹೊಸಮನೆ ಬಳಗ: 200 ಕೋಟಿ ಫೋನ್ ಹ್ಯಾಕ್ ಅಂತೆ!

ಶ್ರೀಧರ ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ⚠️ ತುರ್ತು! ಎನ್‌ಪಿಎಂ ವೈರಸ್‌ನಿಂದ 200 ಕೋಟಿ ಫೋನ್ ಹ್ಯಾಕ್! ಬ್ಯಾಂಕ್ ಖಾತೆ ಖಾಲಿ! ಎಲ್ಲ ಆ್ಯಪ್ ಇಂದೇ ಅಳಿಸಿ 🙏

ಸುಧಾ ಅತ್ತೆ: ಅಯ್ಯೋ ದೇವರೇ, ಫೋನ್‌ಪೇ ತೆಗೆದೇಬಿಟ್ಟೆ. ಹಾಲಿನವನಿಗೆ ಏನು ಕೊಡಲಿ?

ಮೇಘಾ: ಚಿಕ್ಕಪ್ಪ, ಇದನ್ನ ಹೇಳಿದ್ದು ಯಾರು?

ಶ್ರೀಧರ ಚಿಕ್ಕಪ್ಪ: ನಮ್ಮ ವಾಕಿಂಗ್ ಗುಂಪಿನವರು. ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಸುಮ್ನೆ ಕಳಿಸುವವರಲ್ಲ.

ಮೇಘಾ: ಅದು 2025ರ ಸೆಪ್ಟೆಂಬರ್ 8ರ ಕಥೆ. ಎನ್‌ಪಿಎಂ ವೈರಸ್ ಅಲ್ಲ, ಪ್ರೋಗ್ರಾಮರ್‌ಗಳು ಪ್ಯಾಕೇಜ್, ಅಂದ್ರೆ ಸಿದ್ಧ ಕೋಡ್‌ನ ಕಟ್ಟು, ಪುಕ್ಕಟೆ ಇಳಿಸಿಕೊಳ್ಳುವ ಉಗ್ರಾಣ. ಚಾಕ್, ಡೀಬಗ್ ಸೇರಿ 18 ಪ್ಯಾಕೇಜ್‌ಗಳಿಗೆ ಕಳ್ಳ ಕೋಡ್ ಸೇರಿಸಿದ್ದರು. ಅವು ಎಲ್ಲ ಸೇರಿ ವಾರಕ್ಕೆ 200 ಕೋಟಿಗಿಂತ ಜಾಸ್ತಿ ಸಲ ಡೌನ್‌ಲೋಡ್ ಆಗುತ್ತವೆ. ಡೌನ್‌ಲೋಡ್ ಲೆಕ್ಕ ಅದು, ಫೋನ್ ಲೆಕ್ಕ ಅಲ್ಲ. ಕಂಪನಿಯ ಒಂದೇ ಸರ್ವರ್ ದಿನಕ್ಕೆ ಹತ್ತಾರು ಸಲ ಇಳಿಸಿಕೊಳ್ಳಬಹುದು. ಕೋಡ್ ಕಣ್ಣಿಟ್ಟಿದ್ದು ಕ್ರಿಪ್ಟೊ ಮೇಲೆ. ಬ್ರೌಸರ್‌ನಲ್ಲಿ ಕ್ರಿಪ್ಟೊ ಕಳಿಸುವಾಗ, ಅದು ಸೇರಬೇಕಾದ ವಿಳಾಸ ತೆಗೆದು ಕಳ್ಳರದ್ದು ಹಾಕುತ್ತಿತ್ತು. ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿತ್ತು.

ದೊಡ್ಡಪ್ಪ: ಇಷ್ಟುದ್ದ ಯಾರಮ್ಮ ಓದುತ್ತಾರೆ? ಹಿರಿಯರು ಕಾಳಜಿಯಿಂದ ಹೇಳಿದರೆ ಹೂಂ ಅನ್ನಬೇಕು. ಪುಕ್ಕಟೆ ಸಿಕ್ಕಿದ್ದನ್ನೆಲ್ಲ ಮನೆಗೆ ತಂದರೆ ಹೀಗೇ ಆಗೋದು.

(ಗುಂಪಿನಲ್ಲಿ ವಿಷಯಕ್ಕೆ ಅತಿ ಹತ್ತಿರ ಬಂದ ಮಾತು ಇದೇ. ಅವರಿಗೆ ಗೊತ್ತಿರಲಿಲ್ಲ.)

ಮೇಘಾ: ಅದು ನಿಜ ದೊಡ್ಡಪ್ಪ. ಒಬ್ಬರನ್ನ ಊಟಕ್ಕೆ ಕರೆದರೆ ಅವರ ಹಿಂದೆ ನೆಂಟರ ದಂಡೇ ಬರುತ್ತಲ್ಲ, ಪ್ಯಾಕೇಜ್‌ಗಳೂ ಹಾಗೇ, ಒಂದನ್ನ ತಂದರೆ ಅದಕ್ಕೆ ಬೇಕಾದ ಬೇರೆಯವೂ ಬರುತ್ತವೆ. ಯಾರು ಯಾರು ಬಂದರು ಅಂತ ಯಾರೂ ನೋಡಲ್ಲ.

ಸುಧಾ ಅತ್ತೆ: ಇದು ಯಾರಿಗೆ ಹೇಳಿದ್ದು? ನಿಮ್ಮ ಗೃಹಪ್ರವೇಶಕ್ಕೆ ನನ್ನ ನಾದಿನಿ ಮನೆಯವರು ಬಂದಿದ್ದಕ್ಕಾ? "ಎಲ್ಲರೂ ಬನ್ನಿ" ಅಂದಿದ್ದು ನಿಮ್ಮಮ್ಮನೇ.

ಪ್ರಸನ್ನ: ಆಹಾ, ಆವತ್ತಿನ ಹೋಳಿಗೆ 😋 ಅಜ್ಜಿ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದು ನೆನಪಿದೆಯಾ?

ಶ್ರೀಧರ ಚಿಕ್ಕಪ್ಪ: ಬೀಗದ ಕೈ ಅಂದ ಮೇಲೆ ಕೇಳುತ್ತೇನೆ. ತೋಟದ ಮನೆಯದು ಯಾರ ಹತ್ತಿರ ಇದೆ?

ದೊಡ್ಡಪ್ಪ: ಪಾಲು ಪತ್ರ ಆಗುವವರೆಗೆ ನನ್ನ ಹತ್ತಿರವೇ ಇರುತ್ತೆ.

ಮೇಘಾ: ಕಳ್ಳರಿಗೂ ಬೀಗದ ಕೈಯೇ ಸಿಕ್ಕಿದ್ದು. ಪ್ಯಾಕೇಜ್ ನೋಡಿಕೊಳ್ಳುವವರಿಗೆ ಎನ್‌ಪಿಎಂನವರೇ ಕಳಿಸಿದ ಹಾಗೆ ಒಂದು ಮೇಲ್ ಬಂತು. 10ನೇ ತಾರೀಖಿನೊಳಗೆ ಭದ್ರತೆ ಅಪ್‌ಡೇಟ್ ಮಾಡಿ, ಇಲ್ಲಾಂದ್ರೆ ಖಾತೆ ಲಾಕ್ ಅಂತ. ಅಸಲಿ ವಿಳಾಸದ ಕೊನೆಗೆ ಡಾಟ್ ಕಾಮ್ ಇರುತ್ತೆ, ಇದಕ್ಕೆ ಡಾಟ್ ಹೆಲ್ಪ್ ಇತ್ತು. ಅವಸರದಲ್ಲಿ ನಂಬಿ ಪಾಸ್‌ವರ್ಡ್ ಕೊಟ್ಟುಬಿಟ್ಟರು.

ಪ್ರಸನ್ನ: ನಿಮ್ಮ ಆಫೀಸಿನಲ್ಲೂ ಅದನ್ನೇ ಬಳಸ್ತೀರಾ?

ಮೇಘಾ: ಹೂಂ. ಇಲ್ಲಿ ಸಂಜೆ ಏಳರ ಹೊತ್ತಿಗೆ ಶುರುವಾಯಿತು. ಲಾಕ್‌ಫೈಲ್, ಅಂದ್ರೆ ಯಾವ ಯಾವ ಪ್ಯಾಕೇಜ್ ಬಂದಿದೆ ಅನ್ನೋ ಪಟ್ಟಿ, ತೆರೆದು ಒಂದೊಂದೇ ವರ್ಷನ್ ನೋಡುತ್ತಾ ಕೂತೆವು. ಯಾರ ಫೋನೂ ಎತ್ತಲಿಲ್ಲ.

ಸುಧಾ ಅತ್ತೆ: ನಂದೂ ಎತ್ತಲಿಲ್ಲ. ಗೃಹಪ್ರವೇಶದ ಸಿಟ್ಟು ಅಂತ ನನಗೆ ಆವತ್ತೇ ಗೊತ್ತಾಯಿತು.