ಕೀಮೋ ನಡುವೆ ಒಣಕೆಮ್ಮು, ಏದುಸಿರು: ಗೊತ್ತಿದ್ದವರು ತಿಳಿಸಿ

ಕೇಳಿದವರು, ಸಿಂಧನೂರು
ನನ್ನ ತಮ್ಮನಿಗೆ ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಬೆಂಗಳೂರಿನಲ್ಲಿ ಎಬಿವಿಡಿ ಕೀಮೋ ನಡೆದಿದೆ. ಈಗ ಒಣಕೆಮ್ಮು ಬಿಡುತ್ತಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಗದ್ದೆಯ ಹೊಗೆ, ಧೂಳು ಅಂತ ಮನೆಯವರು ಸುಮ್ನಿದ್ದಾರೆ. ಯಾರಿಗಾದರೂ ಹೀಗೆ ಆಗಿತ್ತಾ?

ಬಳ್ಳಾರಿಯಿಂದ
ಅಕ್ಕಾ, ನಮ್ಮ ಯಜಮಾನರಿಗೂ ಇದೇ ಕಾಯಿಲೆ, ಇದೇ ಔಷಧ. ದಯವಿಟ್ಟು ಮುಂದಿನ ಡ್ರಿಪ್ ಏರಿಸುವ ಮೊದಲೇ ಡಾಕ್ಟರಿಗೆ ಹೇಳಿ. ಎಬಿವಿಡಿಯ ನಾಲ್ಕು ಔಷಧಗಳಲ್ಲಿ ಬ್ಲಿಯೋಮೈಸಿನ್ ಒಂದು. ಅದನ್ನು ಒಡೆದುಹಾಕುವ ಕಿಣ್ವ ಶ್ವಾಸಕೋಶದಲ್ಲೂ ಚರ್ಮದಲ್ಲೂ ಬಹಳ ಕಡಿಮೆ. ಹಾಗಾಗಿ ಪೆಟ್ಟು ಜಾಸ್ತಿ ಬೀಳೋದು ಅಲ್ಲೇ. ಇವರ ಬೆನ್ನ ಮೇಲೆ ಬಾರುಕೋಲಿನಿಂದ ಹೊಡೆದ ಹಾಗೆ ಕಪ್ಪು ಗೆರೆಗಳು ಎದ್ದಿದ್ದವು.

ಮೊದಲು ತೋರಿಸಿದ ಕಡೆ ಎಕ್ಸ್‌ರೇ ಸರಿಯಿದೆ ಅಂದರು, ಕೆಮ್ಮಿನ ಸಿರಪ್ ಕೊಟ್ಟರು. ಆಮೇಲೆ ಟಿಬಿ ಇರಬಹುದು ಅಂತ ಕಫ ಪರೀಕ್ಷೆ. ಅದರಲ್ಲಿ ಏನೂ ಸಿಗಲಿಲ್ಲ. ಕ್ಯಾನ್ಸರ್ ಡಾಕ್ಟರು ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದಾಗ ಉರಿಯೂತ ಕಂಡಿತು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದಂತೆ. ಬ್ಲಿಯೋಮೈಸಿನ್ ತಕ್ಷಣ ನಿಲ್ಲಿಸಿ ಸ್ಟಿರಾಯ್ಡ್ ಶುರು ಮಾಡಿದರು. ಡೋಸ್ ನಿಧಾನವಾಗಿ ಇಳಿಸುತ್ತಾ ತಿಂಗಳುಗಟ್ಟಲೆ ಕೊಟ್ಟರು. ಸಕ್ಕರೆ ಏರಿತ್ತು, ಅದನ್ನೂ ನೋಡಿಕೊಳ್ಳಬೇಕಾಯಿತು. ಉಸಿರು ಹಗುರಾಯಿತು ಅಂತ ನೀವಾಗಿಯೇ ಮಾತ್ರೆ ಬಿಡಬೇಡಿ, ತೊಂದರೆ ಮತ್ತೆ ಕೆರಳುತ್ತದೆ.

ಕೊಪ್ಪಳದಿಂದ
ನನ್ನ ಅಳಿಯನಿಗೆ ವೃಷಣದ ಕ್ಯಾನ್ಸರ್‌ಗೆ ಬಿಇಪಿ ಅನ್ನುವ ಕೀಮೋ ಕೊಟ್ಟಿದ್ದರು. ಅದರಲ್ಲೂ ಬ್ಲಿಯೋಮೈಸಿನ್ ಇದೆ. ಈ ಔಷಧ ಹೊರಗೆ ಹೋಗೋದು ಹೆಚ್ಚಾಗಿ ಮೂತ್ರಪಿಂಡದ ಮೂಲಕ. ಜೊತೆಗೆ ಕೊಡುವ ಸಿಸ್ಪ್ಲಾಟಿನ್ ಮೂತ್ರಪಿಂಡಕ್ಕೇ ತೊಂದರೆ ಮಾಡಬಲ್ಲದು. ಅದಕ್ಕೇ ಮೂತ್ರಪಿಂಡ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಪ್ರತಿಸಲ ಕೇಳಿ ನೋಡಿ. ವಯಸ್ಸು 40 ದಾಟಿದವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಎದೆಗೆ ರೇಡಿಯೇಷನ್ ಆದವರಿಗೆ ಅಪಾಯ ಇನ್ನೂ ಹೆಚ್ಚು. ಒಟ್ಟು ಡೋಸ್ 400 ಯೂನಿಟ್ ದಾಟಿದರೂ ಅಷ್ಟೇ. ಆದರೆ ಅದಕ್ಕಿಂತ ಕಡಿಮೆಯಲ್ಲೂ ಆಗುತ್ತದೆ. ನಮ್ಮ ಹುಡುಗ ಗಿಣಿಗೇರಿ ಕಡೆ ಕಾರ್ಖಾನೆಯಲ್ಲಿದ್ದ. ಅಲ್ಲಿನ ಧೂಳಿಗೆ ಕೆಮ್ಮೋದು ಅಭ್ಯಾಸ ಆಗಿತ್ತು, ಹೊಸ ಕೆಮ್ಮು ಯಾರ ಲಕ್ಷ್ಯಕ್ಕೂ ಬರಲಿಲ್ಲ. ನಮ್ಮ ಕಡೆ ದೊಡ್ಡ ತೊಡಕು ಇದೇ ಅಲ್ವಾ!

ರಾಯಚೂರು, ನರ್ಸ್
ಮನೆಯಲ್ಲಿ ರಕ್ತದ ಆಕ್ಸಿಜನ್ ಮಟ್ಟ ನೋಡುವ ಪಲ್ಸ್ ಆಕ್ಸಿಮೀಟರ್ ಇಟ್ಟುಕೊಳ್ಳಿ. ಕುಳಿತಾಗ ಮಾತ್ರ ಅಲ್ಲ, ಸ್ವಲ್ಪ ನಡೆದ ಮೇಲೂ ನೋಡಿ. ಜ್ವರ ಇದ್ದರೆ ಅದೇ ದಿನ ಆಸ್ಪತ್ರೆಗೆ ಬನ್ನಿ, ಬಿಳಿ ರಕ್ತಕಣ ಇಳಿದಿದ್ದರೆ ಸೋಂಕು ಬೇಗ ಏರುತ್ತದೆ. ಬ್ಲಿಯೋಮೈಸಿನ್ ಆದವರು ಮುಂದೆ ಯಾವ ಆಪರೇಷನ್‌ಗೆ ಹೋದರೂ ಅರಿವಳಿಕೆ ಡಾಕ್ಟರಿಗೆ ತಪ್ಪದೇ ಹೇಳಬೇಕು. ಬೇಕಾದ್ದಕ್ಕಿಂತ ಜಾಸ್ತಿ ಆಕ್ಸಿಜನ್ ಕೊಟ್ಟರೆ ಶ್ವಾಸಕೋಶಕ್ಕೆ ಮತ್ತೆ ಪೆಟ್ಟು ಬೀಳಬಹುದು. ಹಾಗಂತ ಉಸಿರು ಕಡಿಮೆಯಾದಾಗ ಆಕ್ಸಿಜನ್ ಬೇಡ ಅನ್ನಬೇಡಿ. ಎಷ್ಟು ಬೇಕೋ ಅಷ್ಟು ಕೊಡುತ್ತಾರೆ. ಮೆಥೋಟ್ರೆಕ್ಸೇಟ್, ಬುಸಲ್ಫಾನ್, ಜೆಮ್ಸಿಟಾಬಿನ್ ಔಷಧಗಳೂ ಶ್ವಾಸಕೋಶಕ್ಕೆ ತೊಂದರೆ ಮಾಡಬಹುದು, ಅವನ್ನು ತಗೊಳ್ಳುವವರೂ ಇಂಥ ಕೆಮ್ಮನ್ನು ತಿಳಿಸಬೇಕು.

ಕೇಳಿದವರು
ಔಷಧ ನಿಲ್ಲಿಸಿದರೆ ಕ್ಯಾನ್ಸರ್ ತಿರುಗಿ ಬರುತ್ತಾ ಅಂತ ಅಮ್ಮನಿಗೆ ಭಯ.

ಬಳ್ಳಾರಿಯಿಂದ
ನಾನೂ ಅದೇ ಕೇಳಿದ್ದೆ ಅಕ್ಕಾ. ಎರಡು ಸುತ್ತಿನ ಕೀಮೋ ನಂತರ, ಕ್ಯಾನ್ಸರ್ ಎಷ್ಟು ಉಳಿದಿದೆ ಅಂತ ನೋಡುವ ಪೆಟ್ ಸ್ಕ್ಯಾನ್ ಚೆನ್ನಾಗಿದ್ದರೆ ಬ್ಲಿಯೋಮೈಸಿನ್ ಬಿಟ್ಟು ಉಳಿದ ಮೂರನ್ನೇ ಮುಂದುವರಿಸಿದರೂ ಫಲ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ ಎಂದು 2016ರಲ್ಲಿ ಬಂದ ದೊಡ್ಡ ಅಧ್ಯಯನ ಹೇಳಿದೆ. ತಮ್ಮನ ವಿಷಯ ಅವರ ಡಾಕ್ಟರೇ ಹೇಳಬೇಕು. ಬೆಂಗಳೂರಿನ ರೈಲು ಹತ್ತುವ ದಿನದವರೆಗೆ ಕಾಯಬೇಡಿ, ಇವತ್ತೇ ಫೋನ್ ಮಾಡಿ. ಹೋಗುವಾಗ ಹಳೆಯ ಎದೆ ಸ್ಕ್ಯಾನ್ ತಗೊಂಡು ಹೋಗಿ, ಹೊಸದರ ಜೊತೆ ಇಟ್ಟು ನೋಡುತ್ತಾರೆ.