ಸಹಾಯ ಬೇಕು: ಬಳ್ಳಿ ಸುತ್ತಿದ ಮರ, ಪಕ್ಕದಲ್ಲೇ ಕರೆಂಟ್ ಲೈನ್

ಎಲ್ಲರಿಗೂ ನಮಸ್ಕಾರ. ಮರ ಹತ್ತಿ ಕೊಂಬೆ ಕಡಿಯೋದು ನನ್ನ ಕೆಲಸ. ಈಗ ಒಪ್ಪಿಕೊಂಡ ಮರಕ್ಕೆ ಬುಡದಿಂದ ತುದಿವರೆಗೂ ಬಳ್ಳಿ ಹಬ್ಬಿದೆ. ತೋಳಿನ ಗಾತ್ರದ್ದು, ಒಳಗಿನ ಕೊಂಬೆ ಹಸಿಯೋ ಒಣಗಿದ್ದೋ ಕಾಣಲ್ಲ. ಕೆಳಗೆ ನಿಂತು ಒಂದು ಎಳೆ ಜಗ್ಗಿದೆ, ಮೇಲೆ ಕರೆಂಟ್ ತಂತಿಯೂ ಅಲುಗಾಡಿತು! ತಕ್ಷಣ ಕೈಬಿಟ್ಟೆ. ನಾನು ಹಾಗೆ ಜಗ್ಗಲೇಬಾರದಿತ್ತು. ಹಸಿ ಬಳ್ಳಿಯಲ್ಲಿ, ಒದ್ದೆ ಹಗ್ಗದಲ್ಲಿ ಕರೆಂಟ್ ಹರಿಯುತ್ತೆ, ತಂತಿಯನ್ನೇ ಮುಟ್ಟಬೇಕು ಅಂತಿಲ್ಲ.

ಲೈನ್ ಆಫ್ ಮಾಡಿಸಿ, ಅರ್ಥಿಂಗ್ (ತಂತಿಯನ್ನು ನೆಲಕ್ಕೆ ಜೋಡಿಸೋದು) ಆದಮೇಲೇ ಹತ್ತೋದು ಅಂತ ಮಾಲೀಕರಿಗೆ ಹೇಳಿದ್ದೇನೆ. ಆಮೇಲೆ ಏನು ಮಾಡಲಿ? ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ ಒಣಗಲು ಬಿಟ್ಟರೆ ಒಟ್ಟಿಗೆ ತಂತಿ ಮೇಲೆ ಕುಸಿಯುತ್ತಾ? ಹತ್ತೋಕೆ ಮೇಲಕ್ಕೆ ಹಗ್ಗ ಎಸೆದಾಗ ಅದು ಗಟ್ಟಿ ಕೊಂಬೆಗೇ ಬಿದ್ದಿದೆ, ಬಳ್ಳಿಗಲ್ಲ ಅಂತ ನೀವು ಹೇಗೆ ಖಚಿತ ಮಾಡ್ಕೊಳ್ತೀರಿ? ಇಂಥ ಮರ ಹತ್ತಿದವರು ದಯವಿಟ್ಟು ಹೇಳಿ. ನನ್ನ ಜೊತೆ ಇನ್ನೂ ಇಬ್ಬರು ಹುಡುಗರಿದ್ದಾರೆ.